ಒಲೆ ಬದಿಯ ಕುರ್ಚಿ

ಬರ್ಲಿನ್‌ಗೆ ಬಂದು ಎರಡು ವರ್ಷ ಆಯ್ತು. ಇಲ್ಲಿಂದ ಅಮ್ಮನಿಗೆ ಅತಿ ಹೆಚ್ಚು ಸಲ ಹೇಳಿದ ಸುಳ್ಳು ಒಂದೇ: "ಫ್ರೆಂಡ್ಸ್ ಜೊತೆ ಊಟಕ್ಕೆ ಬಂದಿದ್ದೀನಮ್ಮ." ನಿಜ ಏನಂದ್ರೆ, ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಾನು ಒಬ್ಬಳೇ ಹೋಗೋದು, ಕ್ರೊಯ್ಟ್ಸ್‌ಬರ್ಗ್‌ನ ನಮ್ಮ ಬೀದಿ ಕೊನೆಯ ಟರ್ಕಿಶ್ ಗ್ರಿಲ್ ಹೋಟೆಲ್‌ಗೆ.

ನಾನು ಹಾಸನದಲ್ಲಿ ಬೆಳೆದವಳು. ಹೋಟೆಲ್ ಅಂದ್ರೆ ಅಪ್ಪನ ಜೊತೆ ಹೋಗಿ 'ಫ್ಯಾಮಿಲಿ ರೂಮ್' ಬೋರ್ಡಿನ ಒಳಗೆ ಕೂರೋದು. ಹೊರಗಿನ ಟೇಬಲ್‌ನಲ್ಲಿ ಒಬ್ಬಳೇ ಕೂತು ತಿನ್ನುವ ಹೆಂಗಸನ್ನು ನೋಡಿದ ನೆನಪೇ ಇಲ್ಲ. ಅದಕ್ಕೇ ಮೊದಲ ದಿನ ಇಲ್ಲಿ ಬಾಗಿಲಲ್ಲೇ ನಿಂತು ಪಾರ್ಸೆಲ್ ಕೇಳಿದೆ. ಕೆಂಡದ ಹಿಂದಿದ್ದ ಯಜಮಾನರು ಕೈಲಿದ್ದ ಇಕ್ಕಳದಿಂದಲೇ ತಮ್ಮೆದುರಿನ ಕುರ್ಚಿ ತೋರಿಸಿದರು.

ಇಂಥ ಹೋಟೆಲ್‌ಗೆ ಟರ್ಕಿಶ್‌ನಲ್ಲಿ 'ಒಜಾಕ್‌ಬಾಶಿ' ಅಂತಾರೆ, ಅಂದ್ರೆ ಒಲೆಯ ಬದಿ. ಮೇಲೆ ತಾಮ್ರದ ದೊಡ್ಡ ಹೊಗೆಗೂಡು, ಕೆಳಗೆ ಇದ್ದಿಲ ಕೆಂಡ, ಸುತ್ತ ಕುರ್ಚಿಗಳು. ಕುರಿಮಾಂಸದ ಕೈಮಾಗೆ ಬಾಲದ ಕೊಬ್ಬು, ಕೆಂಪು ಮೆಣಸಿನಕಾಯಿ ಸೇರಿಸಿ ಚಪ್ಪಟೆ ಕಬ್ಬಿಣದ ಕಂಬಿಗೆ ಒತ್ತಿದರೆ ಅದಾನಾ ಕಬಾಬ್. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯೇ ಅರ್ಧ ರುಚಿ. ತೆಳ್ಳನೆಯ ಲವಾಶ್ ರೊಟ್ಟಿಯನ್ನು ಕಬಾಬ್ ಮೇಲೆ ಒತ್ತಿ ಜಿಡ್ಡನ್ನೆಲ್ಲ ಹೀರಿಸಿ ಕೊಡ್ತಾರೆ. ಪಕ್ಕದಲ್ಲಿ ಸುಟ್ಟ ಈರುಳ್ಳಿ, ಸುಟ್ಟ ಬದನೆಕಾಯಿ. ಕುಡಿಯೋಕೆ ಐರಾನ್. ನಮ್ಮ ಉಪ್ಪು ಮಜ್ಜಿಗೆಯೇ, ಒಗ್ಗರಣೆ ಒಂದಿಲ್ಲ. ಇಲ್ಲಿ ಕೂತರೆ ಮೊಬೈಲ್ ಹಿಂದೆ ಮುಖ ಮುಚ್ಚಿಕೊಳ್ಳಬೇಕಿಲ್ಲ, ನೋಡೋಕೆ ಬೆಂಕಿ ಇರುತ್ತೆ.

ಈ ಬೀದಿಗೆ ಒಬ್ಬಳೇ ಬಂದವಳು ನಾನೇ ಮೊದಲಲ್ಲ. 1961ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿ ಕೆಲಸಗಾರರಿಗಾಗಿ ಟರ್ಕಿ ಜೊತೆ ಒಪ್ಪಂದ ಮಾಡಿಕೊಂಡಿತು. ಬಂದ ಎಷ್ಟೋ ಜನ ಸಂಸಾರ ಊರಲ್ಲೇ ಬಿಟ್ಟು ಹಾಸ್ಟೆಲ್‌ಗಳಲ್ಲಿದ್ದರು. ಅವರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಒಬ್ಬರೇ ಬಂದ ಹೆಂಗಸರೂ ಇದ್ದರು. ಬರ್ಲಿನ್ ಗೋಡೆಗೆ ಅಂಟಿಕೊಂಡಿದ್ದ ಕ್ರೊಯ್ಟ್ಸ್‌ಬರ್ಗ್‌ನಲ್ಲಿ ಬಾಡಿಗೆ ಕಡಿಮೆ ಇತ್ತು, ತುಂಬಾ ಜನ ಇಲ್ಲೇ ನೆಲೆ ನಿಂತರು.

ಕಳೆದ ವಾರ ನನ್ನ ಅರೆಬರೆ ಜರ್ಮನ್‌ನಲ್ಲಿ ಯಜಮಾನರಿಗೆ ಫ್ಯಾಮಿಲಿ ರೂಮ್ ಕಥೆ ಹೇಳಿದೆ. ಅವರು ಜೋರಾಗಿ ನಕ್ಕರು. "ನಮ್ಮೂರಲ್ಲೂ ಇತ್ತು, ಐಲೆ ಸಲೋನು!" ಐಲೆ ಅಂದ್ರೆ ಕುಟುಂಬ. ಆಮೇಲೆ ಕಂಬಿ ತಿರುಗಿಸುತ್ತಾ ಮೆಲ್ಲಗೆ ಅಂದರು: "ನನ್ನ ತಾಯಿ ಜೀವನವೆಲ್ಲ ಒಲೆ ಮುಂದೆ ಇದ್ದಳು. ಆದ್ರೆ ಒಲೆ ಈಚೆ ಕೂತು ಬಡಿಸಿಕೊಂಡು ತಿಂದವಳಲ್ಲ."

ನನಗೆ ನೆನಪಾದದ್ದು ನಮ್ಮಮ್ಮ. ಅಲ್ಲೇ ವಿಡಿಯೋ ಕಾಲ್ ಮಾಡಿ, ಮೊಬೈಲನ್ನು ಐರಾನ್ ಲೋಟಕ್ಕೆ ಒರಗಿಸಿದೆ.

"ಯಾರ್ಯಾರು ಬಂದಿದ್ದೀರೇ?"

"ಒಬ್ಬಳೇ ಅಮ್ಮ. ಯಾವಾಗಲೂ ಒಬ್ಬಳೇ."

ಬೈತಾಳೆ ಅಂದುಕೊಂಡೆ. ಸ್ವಲ್ಪ ಹೊತ್ತು ನನ್ನ ತಟ್ಟೆಯನ್ನೇ ನೋಡಿದಳು. "ಬದನೆಕಾಯಿ ಚೆನ್ನಾಗಿ ಸುಟ್ಟಿದ್ದಾರೆ ಕಣೆ," ಅಂದಳು. ಆಮೇಲೆ, "ನಾನು ಒಂದ್ಸಲಾನೂ ಹಾಗೆ ಕೂತು ತಿಂದಿಲ್ಲ ನೋಡು."

ಮುಂದಿನ ಬೇಸಿಗೆಗೆ ಅಮ್ಮ ಬರ್ತಾಳೆ. ಈ ಕುರ್ಚಿಯಲ್ಲಿ ಅವಳೊಬ್ಬಳನ್ನೇ ಕೂರಿಸಿ, ಊಟ ಮುಗಿಯೋವರೆಗೂ ನಾನು ಹೊರಗೆ ಒಂದು ಸುತ್ತು ಹಾಕಿ ಬರ್ತೀನಿ.