ಕಡಲದಂಡೆಯಲ್ಲಿ ಮಲಗಲು ಒಂದು ಚಾಪೆ ಸಾಕು

ಚಳಿಗಾಲ ಬಂತೆಂದರೆ ನನ್ನ ಮನಸ್ಸು ಗೋಕರ್ಣದಿಂದ ಕುಮಟಾ ಕಡೆಗೆ ನಡೆಯಲು ಶುರುಮಾಡುತ್ತದೆ. ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್, ಒಂದೊಂದು ಬೀಚಿನ ನಡುವೆಯೂ ಗುಡ್ಡ ಹತ್ತಿ ಇಳಿಯಬೇಕು. ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ದಾಟಿದರೆ ಆಚೆ ಮತ್ತೆ ನಡಿಗೆ.

ರಾತ್ರಿಗೆ ದುಬಾರಿ ಟೆಂಟ್ ಬೇಕಿಲ್ಲ. ಚಾಪೆ, ಕಂಬಳಿ, ಮೇಲೊಂದು ತೆಳು ಟಾರ್ಪಾಲು ಇದ್ದರಾಯಿತು. ಕರಾವಳಿಯಲ್ಲಿ ಚಳಿಗಿಂತ ಇಬ್ಬನಿಯೇ ಹೆಚ್ಚು ಕಾಡುತ್ತದೆ. ಬಯಲಲ್ಲಿ ಮಲಗಿದರೆ ಬೆಳಗಿನ ಜಾವಕ್ಕೆ ಹೊದಿಕೆಯೆಲ್ಲ ತೊಯ್ದು ತೊಪ್ಪೆ. ಗಾಳಿಮರಗಳ ಅಡಿ ಎಷ್ಟೋ ವಾಸಿ. ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ, ಆದ್ದರಿಂದ ಬೆನ್ನಿಗೆ ಮರೆ ಬೇಕಾದದ್ದು ಊರ ಕಡೆಯಿಂದ. ಭರತದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಒಣಗಿದ ಕಸಕಡ್ಡಿ, ಚಿಪ್ಪುಗಳ ಗೆರೆಯೇ ಹೇಳುತ್ತದೆ. ಅದರಿಂದ ಸಾಕಷ್ಟು ಮೇಲೆ ಹಾಸಿಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಗೆ ಇನ್ನಷ್ಟು ಮೇಲೆ.

ಬೆಳಗ್ಗೆ ಇಳಿತದ ಹೊತ್ತಿಗೆ ಎದ್ದರೆ ಒದ್ದೆ ಮರಳ ಮೇಲೆ ಪುಟ್ಟ ಏಡಿಗಳು ಬಿಲದ ಸುತ್ತ ಸಾಸಿವೆಯಂಥ ಮರಳುಂಡೆಗಳನ್ನು ಜೋಡಿಸುತ್ತಿರುತ್ತವೆ. ಅದನ್ನು ನೋಡುತ್ತ ಕೂತರೆ ಚಹಾ ಕೂಡ ನೆನಪಾಗುವುದಿಲ್ಲ.

ಎಲ್ಲ ದಂಡೆಯಲ್ಲೂ ಮಲಗಲು ಬಿಡುವುದಿಲ್ಲ, ಊರವರನ್ನು ಮೊದಲೇ ಕೇಳಿ. ಇದು ಆಲಿವ್ ರಿಡ್ಲೆ ಆಮೆಗಳು ಉತ್ತರ ಕನ್ನಡದ ಮರಳಿಗೆ ಮೊಟ್ಟೆಯಿಡಲು ಬರುವ ಕಾಲವೂ ಹೌದು. ಬೆಳಕು ಕಂಡರೆ ಮರಿಗಳು ದಿಕ್ಕು ತಪ್ಪುತ್ತವೆ. ದಯವಿಟ್ಟು ದಂಡೆಯಲ್ಲಿ ಬೆಂಕಿ ಹಾಕಬೇಡಿ, ಟಾರ್ಚನ್ನೂ ಆರಿಸಿಬಿಡಿ.