ಹಿತ್ತಲಲ್ಲಿ ಸತ್ತಿದ್ದೇನು?

ಭರಣಿ ಮಳೆ ಎರಡು ಸಲ ಚೆನ್ನಾಗಿ ಹೊಡೆದು ಹೋದ ವಾರ. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಪಕ್ಕದ ಹಳ್ಳಿಯಿಂದ ಫೋನ್ ಬಂತು. ‘ಸಾರ್, ಬೇಗ ಬನ್ನಿ. ಇಲ್ಲಿ ಎರಡು ಮನೆಯವರು ಹೊಡೆದಾಡ್ಕೊಳ್ಳೋ ಹಾಗಾಗಿದೆ.’ ಹೊಡೆದಾಟ ಅಂದರೆ ನಮಗೆ ಒಂದು ಕಾಲಂ ಸುದ್ದಿ. ಬೈಕ್ ಹತ್ತಿದೆವು.

ಸಂಗತಿ ಇಷ್ಟು. ಹಿಂದಿನ ಸಂಜೆಯಿಂದ ಒಂದು ಮನೆಯ ಹಿತ್ತಲಲ್ಲಿ ಹೆಣ ಕೊಳೆತಂಥ ನಾತ. ಇಲಿ ಸತ್ತಿರಬೇಕೆಂದು ಅಟ್ಟ ಹುಡುಕಿದರು, ಸೌದೆ ಎಲ್ಲ ಎಳೆದು ಹಾಕಿದರು, ಏನೂ ಸಿಗಲಿಲ್ಲ. ಬೇಲಿಯಾಚೆ ಮನೆಯವರು ಕೋಳಿ ಸಾಕುತ್ತಾರೆ. ಸತ್ತ ಕೋಳಿ ಎಸೆದವರು ಅವರೇ ಅಂತ ಬೆಳಿಗ್ಗೆ ಮಾತು ಶುರುವಾಯಿತು. ಹನ್ನೊಂದು ಗಂಟೆ ಹೊತ್ತಿಗೆ ಹಳೆಯ ದಾರಿ ಜಗಳವೂ ಸೇರಿಕೊಂಡು, ಆಡಬಾರದ್ದೆಲ್ಲ ಆಡಿ ಆಗಿತ್ತು.

ಕೊನೆಗೆ ನಾತದ ಮೂಲ ಹುಡುಕಿದ್ದು ಮನೆಯ ಸಣ್ಣ ಹುಡುಗಿ. ಬಾಳೆ ಬುಡದಲ್ಲಿ ಎಲೆಯಿಲ್ಲ, ಗಿಡವಿಲ್ಲ, ನೆಲದಿಂದ ನೇರವಾಗಿ ಎದ್ದ ಒಂದು ಹೂ. ಸುತ್ತ ನೇರಳೆ ಬಣ್ಣದ ಅಗಲ ಸೆರಗು, ನಡುವೆ ಮಿದುಳಿನ ಹಾಗೆ ಸುಕ್ಕುಗಟ್ಟಿದ ಕಪ್ಪುಗೆಂಪು ಗುಡ್ಡೆ. ನಾವು ಹೋಗುವಷ್ಟರಲ್ಲಿ ಯಾರೋ ಅರಿಶಿನ ಕುಂಕುಮ ಹಾಕಿ ಊದುಬತ್ತಿ ಹಚ್ಚಿದ್ದರು. ಮನೆಯ ಅಜ್ಜಿ ಮಾತ್ರ ‘ಇದು ಅಪಶಕುನ, ಕಡಿದು ಸುಡಿ’ ಅನ್ನುತ್ತಿದ್ದರು. ಹೊತ್ತು ಇಳಿಯುವವರೆಗೆ ನಿಂತು ಫೋಟೋ ತೆಗೆದೆವು. ‘ಅಪರೂಪದ ಹೂ: ಗ್ರಾಮಸ್ಥರಲ್ಲಿ ಅಚ್ಚರಿ’ ಅಂತ ಬರೆದು ಕಳಿಸಿದೆವು. ಮರುದಿನ ಅಚ್ಚಾಯಿತು. ಜಗಳದ ಸುದ್ದಿ ಬಿಟ್ಟೆವು, ಹೂವಿನ ಸುದ್ದಿಗೆ ಜಾಗ ಚೆನ್ನಾಗಿ ಸಿಕ್ಕಿತ್ತು.

ಬೆಳಿಗ್ಗೆಯಿಂದ ಫೋನೋ ಫೋನು. ‘ನಮ್ಮ ತೋಟದಲ್ಲೂ ಇದೆ ಸಾರ್, ಫೋಟೋ ಕಳಿಸ್ಲಾ?’ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಬೈದೇ ಬಿಟ್ಟರು. ‘ಅದು ಸುವರ್ಣಗಡ್ಡೆ ಹೂ ಕಣಯ್ಯಾ. ಯಾವತ್ತೂ ಪಲ್ಯ ತಿಂದಿಲ್ವಾ?’

ತಿಂದಿದ್ದೇವೆ. ಹುಣಸೆಹುಳಿ ಕಡಿಮೆಯಾಗಿ ಗಂಟಲು ಕೆರೆದುಕೊಂಡದ್ದೂ ಇದೆ. ಹೂ ಮಾತ್ರ ನೋಡಿರಲಿಲ್ಲ. ಕಾರಣ ಸುಲಭ. ನಾವು ನೆಟ್ಟ ಗಡ್ಡೆಯನ್ನು ಅದೇ ವರ್ಷ ಅಗೆದು ತಿನ್ನುತ್ತೇವೆ. ಮರೆತು ಮಣ್ಣಲ್ಲೇ ಬಿಟ್ಟ ಗಡ್ಡೆ ಕೆಲವು ವರ್ಷ ಬಲಿತು, ಒಂದು ಬೇಸಿಗೆ ಕೊನೆಗೆ ಎಲೆಗಿಂತ ಮೊದಲು ಹೂ ಎತ್ತುತ್ತದೆ. ಅಪರೂಪವೇನಲ್ಲ, ನಾವು ಅದಕ್ಕೆ ವಯಸ್ಸಾಗಲು ಬಿಡುವುದಿಲ್ಲ ಅಷ್ಟೆ.

ಯಾಕೆ, ಹೇಗೆ ಅಂತ ಕೇಳದೆ ಸುದ್ದಿ ಬರೆಯಬೇಡಿ ಎಂದು ಡಿಪ್ಲೊಮಾದಲ್ಲಿ ಕಲಿಸಿದ್ದರು. ಸುದ್ದಿ ಅಚ್ಚಾದ ಮೇಲೆ ಕೇಳಿದೆವು.

ಆ ನಾತ ಬರುವುದು ನಡುವಿನ ಗುಡ್ಡೆಯಿಂದ. ಡೈಮೀಥೈಲ್ ಡೈಸಲ್ಫೈಡ್, ಡೈಮೀಥೈಲ್ ಟ್ರೈಸಲ್ಫೈಡ್ ಎಂಬ ಗಂಧಕದ ಅನಿಲಗಳು. ಮಾಂಸ ಕೊಳೆತಾಗ ಹೊರಡುವುದೂ ಇವೇ. ಹಾಗಾಗಿ ಆ ಮನೆಯವರ ಮೂಗು ತಪ್ಪು ಹೇಳಿರಲಿಲ್ಲ, ತಪ್ಪಾಗಿದ್ದು ಬೇಲಿಯಾಚೆ ಬೆರಳು ತೋರಿಸಿದ್ದು. ಸಾಲದ್ದಕ್ಕೆ ಈ ಗುಡ್ಡೆ ತಾನೇ ಬಿಸಿಯಾಗುತ್ತದೆ. ಕಾವಿಗೆ ನಾತ ದೂರ ಹರಡುತ್ತದೆ. ಹೆಣ ಹುಡುಕುವ ನೊಣ, ದುಂಬಿಗಳು ತಿನ್ನಲು, ಮೊಟ್ಟೆ ಇಡಲು ಓಡಿ ಬರುತ್ತವೆ. ಒಳಗೆ ಮಾಂಸವೂ ಇಲ್ಲ, ಜೇನೂ ಇಲ್ಲ.

ಕಳ್ಳಲೆಕ್ಕ ಇರುವುದು ಸಮಯದಲ್ಲಿ. ಗುಡ್ಡೆಯ ಕೆಳಗೆ ಸಣ್ಣ ಹೂಗಳು ಎರಡು ಅಂತಸ್ತಿನಲ್ಲಿವೆ. ತಳದಲ್ಲಿ ಹೆಣ್ಣು, ಮೇಲೆ ಗಂಡು. ನಾತ ಜೋರಾಗಿರುವ ಮೊದಲ ದಿನ ಹೆಣ್ಣು ಹೂ ಮಾತ್ರ ಸಿದ್ಧ. ಬಂದ ದುಂಬಿಗಳು ತಳದ ಬಟ್ಟಲಿನಂಥ ಜಾಗದಲ್ಲೇ ರಾತ್ರಿ ಕಳೆಯುತ್ತವೆ. ಮರುದಿನ ನಾತ ಇಳಿದ ಮೇಲೆ ಗಂಡು ಹೂ ಪರಾಗ ಉದುರಿಸುತ್ತದೆ. ದುಂಬಿ ಅದನ್ನು ಮೈಗೆ ಮೆತ್ತಿಕೊಂಡು ಹೊರಗೆ ಹೋಗುತ್ತದೆ. ಆದರೆ ಇಷ್ಟಕ್ಕೇ ಕಾಯಿ ಕಟ್ಟುವುದಿಲ್ಲ. ಆ ದುಂಬಿ ಇನ್ನೊಂದು ಹಿತ್ತಲಲ್ಲಿ, ಆಗಷ್ಟೇ ಅರಳಿದ ಇನ್ನೊಂದು ಹೂವಿಗೆ ಮತ್ತೆ ಮೋಸ ಹೋಗಬೇಕು. ಒಂದು ಸಲ ಬೇಸ್ತು ಬಿದ್ದದ್ದು ಸಾಲದು, ಎರಡನೇ ಸಲವೂ ಬೀಳಬೇಕು. (ಪ್ರತಿ ಮೇ ತಿಂಗಳು ‘ಅಪರೂಪದ ಹೂ’ ಅಚ್ಚು ಹಾಕುವ ನಮ್ಮವರು ನೆನಪಾಗಿ ನಗು ಬಂತು.)

ಇದರದೇ ಕುಲದ ದೈತ್ಯನೊಂದು ಸುಮಾತ್ರದ ಕಾಡಿನಲ್ಲಿದೆ. 1878ರಲ್ಲಿ ಇಟಲಿಯ ಒಡೊಆರ್ಡೊ ಬೆಕ್ಕಾರಿ ಅದನ್ನು ಕಂಡು ಲೋಕಕ್ಕೆ ತಿಳಿಸಿದರು. ಹೂಗೊಂಚಲು 3 ಮೀಟರ್‌ವರೆಗೂ ಏಳುತ್ತದೆ. ದಕ್ಷಿಣ ಆಫ್ರಿಕಾದ ಸ್ಟಪೇಲಿಯಾ ಇನ್ನೂ ಕಟುಕ. ನಕ್ಷತ್ರದಂಥ ಅದರ ಹೂವನ್ನು ಮಾಂಸವೆಂದೇ ನಂಬಿ ನೊಣ ಮೊಟ್ಟೆ ಇಟ್ಟುಬಿಡುತ್ತದೆ. ಹೊರಬಂದ ಮರಿಹುಳಗಳು ತಿನ್ನಲು ಏನೂ ಇಲ್ಲದೆ ಸಾಯುತ್ತವೆ.

ಇಷ್ಟು ಓದಿಕೊಂಡು ಫೋನಿನಲ್ಲಿದ್ದ ಫೋಟೋ ಮತ್ತೆ ದೊಡ್ಡದು ಮಾಡಿ ನೋಡಿದೆವು. ಸೆರಗಿನ ಅಂಚಿನಲ್ಲಿ ಒಂದು ಕಪ್ಪು ದುಂಬಿ. ಬೆನ್ನ ಮೇಲೆ ಹಳದಿ ಪುಡಿ. ಸುದ್ದಿ ಅಲ್ಲೇ ಕೂತಿತ್ತು, ನಾವು ಕುಂಕುಮದ ಮೇಲೆ ಫೋಕಸ್ ಮಾಡಿದ್ದೆವು.

ತಿದ್ದುಪಡಿ ಹಾಕಿ ಅಂತ ಡೆಸ್ಕ್‌ಗೆ ಕೇಳಿದೆವು. ‘ಹೂವಿಗೆಲ್ಲ ತಿದ್ದುಪಡಿ ಯಾಕ್ರೀ’ ಅಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಮುಂದಿನ ವಾರ ಆ ಹಳ್ಳಿಗೆ ಹೋಗಿ ಫೋಟೋ ತೋರಿಸಿದೆವು. ಅಜ್ಜಿ ಕನ್ನಡಕ ಹಾಕಿಕೊಂಡು ದುಂಬಿಯನ್ನು ತುಂಬಾ ಹೊತ್ತು ನೋಡಿದರು. ‘ಹಂಗಾದ್ರೆ ಕೋಳಿಯವರದ್ದೇನೂ ತಪ್ಪಿಲ್ಲ’ ಅಂದರು. ಹೂ ಕಡಿದಿರಲಿಲ್ಲ, ತಾನೇ ಕೊಳೆತು ಬಾಗಿತ್ತು. ಪಕ್ಕದಲ್ಲಿ ಎಲೆಯ ಚೂಪು ಮೊಳಕೆ ಮಣ್ಣು ಸೀಳಿತ್ತು.

ಬೇಲಿಯಾಚೆ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದರು. ನಾವು ಕರೆದು ಫೋಟೋ ತೋರಿಸಿದಾಗ ನೋಡಿದರು, ಮಾತಾಡಲಿಲ್ಲ. ಸಂಕ್ರಾಂತಿ ಹೊತ್ತಿಗೆ ಗಡ್ಡೆ ಅಗೆದಾಗ ಅವರಿಗೊಂದು ಪಾಲು ಅಂತ ಅಜ್ಜಿ ಹೇಳಿದ್ದಾರೆ. ಅವರು ತೆಗೆದುಕೊಳ್ಳುತ್ತಾರೋ ಇಲ್ಲವೋ, ಸಂಕ್ರಾಂತಿ ಇನ್ನೂ ದೂರ ಇದೆ.