ಸೂರು ಹೊದ್ದ ಪೇಟೆ

ಅಮೆರಿಕದ ಮಿನ್ನೆಸೋಟ ಪ್ರಾಂತದ ಮಾಘಮಾಸದ ಚಳಿಯು ನಮ್ಮ ಮಲೆನಾಡಿನ ಚಳಿಯಂತಹುದಲ್ಲ. ಅಲ್ಲಿ ಮನೆಯ ಹೊಸ್ತಿಲು ದಾಟಿದೊಡನೆ ಮೂಗಿನ ತುದಿಯು ನಮ್ಮದೋ ಅನ್ಯರದೋ ಎಂಬ ಸಂದೇಹವುಂಟಾಗುತ್ತಿದ್ದಿತು. ಪ್ರಾತಃಸಂಚಾರವಿಲ್ಲದೆ ಚಡಪಡಿಸುತ್ತಿದ್ದ ನಮ್ಮನ್ನು ಕಂಡು ಮಗನು, "ಅಣ್ಣ, ಪೇಟೆಯೊಳಗೇ ನಡೆದಾಡಬಹುದು, ಬನ್ನಿ" ಎಂದು ಮಿನ್ನಿಯಾಪೊಲಿಸ್ ನಗರದ ಅಂಚಿನ ಎಡೈನಾ ಎಂಬ ಊರಿಗೆ ಕರೆದೊಯ್ದನು. ಸೌತ್‌ಡೇಲ್ ಎಂಬ ಮಾಲನ್ನು ನಾವು ಕಂಡುದು ಹೀಗೆ.

ಪಾಲ್‌ಮಾಲ್ ಎಂಬ ಚೆಂಡಾಟದ ಓಣಿಗೆ ಸಂದ ಈ ಹೆಸರು, ಬಳಿಕ ಮರಗಳ ನೆರಳಿನ ವಿಹಾರಮಾರ್ಗಕ್ಕೂ ಕಡೆಗೆ ಅಂಗಡಿಗಳ ಸಮೂಹಕ್ಕೂ ಅಂಟಿಕೊಂಡಿತು. ನಮ್ಮ 'ಆಪಣ' ಶಬ್ದದ ಮೂಲವಾದ 'ಪಣ್' ಧಾತುವಿಗೆ ವ್ಯವಹಾರವೆಂದೂ ಸ್ತುತಿಯೆಂದೂ ಎರಡರ್ಥ. ವರ್ತಕನು ತನ್ನ ಸರಕನ್ನು ತಾನೇ ಹೊಗಳುವುದನ್ನು ವೈಯಾಕರಣರು ಬಲ್ಲವರಾಗಿದ್ದರೋ ಏನೋ!

ಸೌತ್‌ಡೇಲ್ 1956ನೆಯ ಅಕ್ಟೋಬರ್ 8ರಂದು ತೆರೆಯಿತು. ಕಟ್ಟಿಸಿದವರು ಡೇಟನ್ ಎಂಬ ವರ್ತಕಕುಟುಂಬದವರು. ಶಿಲ್ಪಿ ವಿಕ್ಟರ್ ಗ್ರೂಯೆನ್. ಹೊರಗೆ ಸುಖವಾಗಿ ವ್ಯಾಪಾರಕ್ಕೆ ತಿರುಗಬಹುದಾದ ದಿನಗಳು ಆ ಸೀಮೆಯಲ್ಲಿ ವರ್ಷಕ್ಕೆ 126 ಮಾತ್ರವೆಂದು ಲೆಕ್ಕ ಹಾಕಿದ್ದರಂತೆ. ಆದುದರಿಂದ 72 ಅಂಗಡಿಗಳನ್ನು ಒಂದೇ ಸೂರಿನಡಿ ಸೇರಿಸಿ, ಒಳಗೆ ಸದಾ 75 ಡಿಗ್ರಿ ಫ್ಯಾರನ್‌ಹೀಟ್ ಶಾಖವನ್ನಿರಿಸಿದರು. ಡೇಟನ್ನರು ತಮ್ಮ ಪ್ರತಿಸ್ಪರ್ಧಿಗಳಾದ ಡೊನಾಲ್ಡ್‌ಸನ್ನರಿಗೂ ಅಲ್ಲಿಯೇ ಸ್ಥಳಕೊಟ್ಟುದು ವಿಶೇಷ. ಹೊರಗೆ ಸಾವಿರಾರು ಮೋಟಾರು ವಾಹನಗಳಿಗೆ ತಂಗುದಾಣ. ಒಳಗೆ ಗಿಡಗಳು, ಪಂಜರದ ಪಕ್ಷಿಗಳು, ನಿತ್ಯವಸಂತ!

ಗ್ರೂಯೆನ್ ವಿಯೆನ್ನಾದವರು, 1938ರಲ್ಲಿ ನಾಜಿಗಳ ಕೈಗೆ ಸಿಕ್ಕಿದ ತಾಯ್ನಾಡನ್ನು ಬಿಟ್ಟು ಬಂದವರು. ತಮ್ಮೂರಿನ ಚೌಕವನ್ನು ಮರೆಯಲಾರದೆ, ಜನರು ಕಲೆತು ಮಾತನಾಡುವ ಒಂದು ತಾಣವನ್ನು ಅವರು ಬಯಸಿದ್ದರು. ಸುತ್ತಲೂ ಮನೆ, ಪಾಠಶಾಲೆ, ಆಸ್ಪತ್ರೆ, ಸರೋವರಗಳಿರಬೇಕೆಂದು ನಕ್ಷೆ ಬರೆದರು. ಅಂಗಡಿಗಳೇನೋ ಎದ್ದವು; ಊರು ಆ ನಕ್ಷೆಯಂತೆ ಬೆಳೆಯಲಿಲ್ಲ. 1954ರ ತೆರಿಗೆ ಕಾಯಿದೆಯು ಹೊಸ ಕಟ್ಟಡಗಳ ಸವಕಳಿಯನ್ನು ಬೇಗನೆ ಲೆಕ್ಕಕ್ಕೆ ಹಿಡಿಯಲು ಅವಕಾಶವಿತ್ತುದರಿಂದ, ಲಾಭ ಬಯಸಿದವರು ದೇಶದುದ್ದಕ್ಕೂ ಇಂತಹ ಪೇಟೆಗಳನ್ನು ಕಟ್ಟಿದರು. ಹಳೆಯ ನಗರಗಳ ಬೀದಿಗಳು ಬಡವಾದವು. 1968ರಲ್ಲಿ ವಿಯೆನ್ನಾಕ್ಕೆ ಮರಳಿದ ಗ್ರೂಯೆನ್ನರಿಗೆ, 1976ರಲ್ಲಿ ಆ ಊರಿನ ದಕ್ಷಿಣದಂಚಿನಲ್ಲಿಯೂ ಅಂತಹುದೇ ಒಂದು ಮಹಾವಿಪಣಿ ಎದ್ದುದನ್ನು ನೋಡಬೇಕಾಯಿತು. ಎರಡು ವರ್ಷಗಳ ಬಳಿಕ ಲಂಡನ್ನಿನ ಉಪನ್ಯಾಸವೊಂದರಲ್ಲಿ ಅವರು ಈ ಸಂತತಿಯ ಪಿತೃತ್ವವನ್ನೇ ನಿರಾಕರಿಸಿದರು. ಮಕ್ಕಳು ಕೆಟ್ಟರೆಂದು ತಂದೆ ಹೀಗೆ ಕೈತೊಳೆದುಕೊಳ್ಳಬಹುದೇ ಎಂಬುದು ಬೇರೆ ಮಾತು.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡಿತು. ಪೋರ್ಟ್‌ಲೆಂಡ್ ನಗರದ ಇಂತಹುದೊಂದು ಮಾಲಿನಲ್ಲಿ ಕೆಲವರು ಯುದ್ಧವಿರೋಧದ ಕರಪತ್ರಗಳನ್ನು ಹಂಚಿದ ಮೊಕದ್ದಮೆಯಲ್ಲಿ, ಅದನ್ನು ತಡೆಯುವ ಹಕ್ಕು ಸ್ಥಳದ ಒಡೆಯರಿಗುಂಟೆಂದು 1972ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ನಮ್ಮ ಸಂತೆಯ ಮೈದಾನದಲ್ಲಿ ಬದನೆಕಾಯಿ ಮಾರುವವಳ ಪಕ್ಕದಲ್ಲಿಯೇ ಒಬ್ಬನು ಹಾಡುವನು, ಒಬ್ಬನು ಸರ್ಕಾರವನ್ನು ಬಯ್ಯುವನು. ಚೌಕವೆಂದು ಕಾಣುವುದೆಲ್ಲವೂ ಚೌಕವಲ್ಲ.

ಸೌತ್‌ಡೇಲಿನ ಸುತ್ತ ಈಗ ವಸತಿಗೃಹಗಳು ಎದ್ದಿವೆ. ಗ್ರೂಯೆನ್ನರು ಬಯಸಿದುದರಲ್ಲಿ ಅಷ್ಟಾದರೂ ಅರ್ಧಶತಮಾನ ಕಳೆದು ಕೈಗೂಡಿತು. ನಾವು ಹೋದ ಹೊತ್ತಿಗೆ ನಮ್ಮಂತಹ ಹಲವು ವೃದ್ಧರು, ಹ್ಯಾರಿ ಬರ್ಟೋಯಾ ನಿರ್ಮಿಸಿದ ಎರಡು ಎತ್ತರವಾದ ಹೊನ್ನಬಣ್ಣದ ಲೋಹವೃಕ್ಷಗಳ ಬಳಿ ನಡೆದಾಡುತ್ತಿದ್ದರು. ಊರುಗೋಲಿನ ಮುದುಕರೊಬ್ಬರು ಮೂರನೆಯ ಸುತ್ತಿನಲ್ಲಿ ನಮಗೆ ತಲೆಬಾಗಿದರು, ನಾಲ್ಕನೆಯದರಲ್ಲಿ ಜೊತೆಗೂಡಿದರು. ಏನನ್ನೂ ಕೊಳ್ಳದೆ ಆರು ಸುತ್ತು ತಿರುಗಿದೆವು. ಏಕೆಂದು ಯಾರೂ ಕೇಳಲಿಲ್ಲ.